ಮತಾಂತರಕ್ಕೆ ಬಂದವರು, ನಿಘಂಟು ಬಿಟ್ಟು ಹೋದವರು

ಕ್ರೈಸ್ತ ಧರ್ಮ ಯುರೋಪಿನ ಸಂಸ್ಕೃತಿಯನ್ನ ರೂಪಿಸಿತು ಅಂತ ಶಾಲೆಯಲ್ಲಿ ಓದಿರ್ತೀರಿ. ಆದ್ರೆ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಅದು ಏನು ಮಾಡ್ತು? ಚರ್ಚುಗಳನ್ನ ಎಣಿಸಿದ್ರೆ ಉತ್ತರ ಸಿಗಲ್ಲ.

1830ರ ದಶಕದಲ್ಲಿ ಬಾಸೆಲ್ ಮಿಷನ್ ಮಂಗಳೂರಿಂದ ಧಾರವಾಡ, ಹುಬ್ಬಳ್ಳಿಗೆ ಬಂತು. 1841ರಲ್ಲಿ ಗದಗ ಪಕ್ಕದ ಬೆಟಗೇರಿಗೆ, ಹತ್ತಿರದ ಮಲ್ಲಸಮುದ್ರಕ್ಕೂ ಕಾಲಿಟ್ಟಿತು. ಆಗ ಈ ಕಡೆ ಕಾಲಜ್ಞಾನ ನಂಬುವ ಜನ ಇದ್ರು. ಮುಂದೆ ಹೊಸ ಗುರುಗಳು ಬರ್ತಾರೆ ಅನ್ನೋ ಮಾತು ಅವರಲ್ಲಿತ್ತು. ಅವರು ಬಂದು ಪಾದ್ರಿಗಳನ್ನ ಕಂಡಾಗ, ಊರಿಗೂರೇ ಕ್ರೈಸ್ತರಾಗ್ತಾರೆ ಅಂತ ಮಿಷನ್‌ನವರು ಹಿಗ್ಗಿದ್ರು. ಮಲ್ಲಸಮುದ್ರದಲ್ಲಿ ಹೊಲ ಮಾಡಿ ಹೊಸಬರನ್ನ ನೆಲೆಗೊಳಿಸೋ ಲೆಕ್ಕ ಹಾಕಿದ್ರು. ಅದು ಕೈಗೂಡಲಿಲ್ಲ. ನಮ್ಮ ಜನ ಕಾಲಜ್ಞಾನವನ್ನೂ ಬಿಡಲಿಲ್ಲ, ಪಾದ್ರಿಗಳ ಮಾತು ಕೇಳೋದನ್ನೂ ಬಿಡಲಿಲ್ಲ ಅನ್ಸುತ್ತೆ ನನಗೆ.

1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದರು. ದತ್ತು ಪಡೆಯಲು ಕಂಪನಿ ಒಪ್ಪಿರಲಿಲ್ಲ, ಆ ಸಿಟ್ಟು. ಸುರೇಬಾನದಲ್ಲಿ ಅಧಿಕಾರಿ ಮ್ಯಾನ್ಸನ್‌ನ ಕೊಲೆಯಾಯ್ತು, ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬರನ್ನ ಗಲ್ಲಿಗೇರಿಸಿದ್ರು. ಅಂಥ ಹೊತ್ತಲ್ಲಿ ಬಿಳಿ ಪಾದ್ರಿ ಬೇರೆ, ಬಿಳಿ ಸಾಹೇಬ ಬೇರೆ ಅಂತ ರೈತ ಹೇಗೆ ತಿಳಿದಾನು? ಆದ್ರೆ ಇವರಲ್ಲಿ ಹೆಚ್ಚಿನವರು ಜರ್ಮನರು, ಸ್ವಿಸ್‌ನವರು. 1914ರ ಯುದ್ಧ ಬಂದಾಗ ಅದೇ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನ ಶತ್ರುಗಳು ಅಂತ ಶಿಬಿರಕ್ಕೆ ಹಾಕಿದ್ರು!

ಇನ್ನು ಭಾಷೆಯ ವಿಷಯ. ಬೈಬಲ್ ಮುಟ್ಟಿಸಬೇಕಂದ್ರೆ ಕನ್ನಡ ಬರಬೇಕು. ಅದಕ್ಕೇ ವ್ಯಾಕರಣ, ಅಚ್ಚುಮೊಳೆ, ಪಾಠಪುಸ್ತಕ. 1843ರಲ್ಲಿ ಮೊಗ್ಲಿಂಗ್ ಮಂಗಳೂರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ರು. 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ ಮೊದಲು ನಮ್ಮ ಧಾರವಾಡ ಸೀಮೆಯಲ್ಲೇ ಇದ್ರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು, ಸುಮಾರು 70,000 ಪದ. ಹಳಗನ್ನಡ ಕಾವ್ಯದ ಪದವೂ ಉಂಟು, ಹೊಲ-ಮನೆಯ ಪದವೂ ಉಂಟು.

ಹಾಗಂತ ಪಾದ್ರಿಗಳೇ ನಮಗೆ ಕನ್ನಡ ಕೊಟ್ರು ಅನ್ನೋದನ್ನ ನಾನು ಒಪ್ಪಲ್ಲ. ಗಜೇಂದ್ರಗಡ ಹತ್ತಿರದ ಸೂಡಿಗೆ ಹೋಗಿ ನೋಡಿ, 11ನೇ ಶತಮಾನದ ಕನ್ನಡ ಶಾಸನಗಳಿವೆ. ಕಿಟೆಲ್‌ಗೂ ಪದ ಹೇಳಿಕೊಟ್ಟವರು ಇಲ್ಲಿನ ಪಂಡಿತರು, ಇಲ್ಲಿನ ಜನ. ಅವರು ಕಲಿತದ್ದನ್ನ ಅಚ್ಚಿಗಿಳಿಸಿ ನಮ್ಮ ಕೈಗೇ ಕೊಟ್ರು.

ಬೆಟಗೇರಿಯ ಮಿಷನ್ ಆಸ್ಪತ್ರೆಯನ್ನ ಜನ ಇವತ್ತಿಗೂ ಜರ್ಮನ್ ದವಾಖಾನಿ ಅಂತಾನೇ ಕರೀತಾರೆ.