ಉಮರಾಣಿಯ ಮೇಲೆ ಹಾಯ್ದು ಬರುವ ದಾರಿ

ಛಟ್ಟಿ ಅಮಾವಾಸ್ಯೆಗೆ ನಾಲ್ಕು ದಿನ ಇದೆ ಎನ್ನುವಾಗಲೇ ನಮ್ಮ ಮನೆಯಲ್ಲಿ ಒಲೆ ಆರುತ್ತಿರಲಿಲ್ಲ. ಅತ್ತಿ ಬಡಿದ ರೊಟ್ಟಿ ಹಂಚಿನಿಂದ ಇಳಿದು, ಒಲೆಯ ಮಗ್ಗುಲಿಗೆ ಆನಿಸಿಕೊಂಡು ನಿಂತು, ಕಡಕ್ಕಾಗಿ, ಬಿಳಿ ಅರಿವೆಯಲ್ಲಿ ಗಂಟಾಗುತ್ತಿತ್ತು. ಒಂದು ಡಬ್ಬಿ ಸೇಂಗಾ ಹಿಂಡಿ, ಒಂದು ಡಬ್ಬಿ ಗುರೆಳ್ಳು ಹಿಂಡಿ, ಎಂಟ್ಹತ್ತು ಉಳ್ಳಾಗಡ್ಡಿ, ಎರಡು ಕೌದಿ. ಮೂರು ಹಗಲು, ಎರಡು ರಾತ್ರಿಯ ನಡಿಗೆಗೆ ಅಷ್ಟೇ ಸಾಮಾನು. 1981ರಲ್ಲಿ ನಾನು ಮದುವೆಯಾಗಿ ವಿಜಯಪುರ ಜಿಲ್ಲೆಯ ಘೋಣಸಗಿಗೆ ಬಂದೆ. ಆ ವರ್ಷದ ಕಾರ್ತಿಕದಲ್ಲೇ ಅತ್ತಿ ನನ್ನ ಕೈಗೆ ಬುತ್ತಿಗಂಟು ಕೊಟ್ಟು, ‘ನಡೀ ಯವ್ವಾ, ಗುಡ್ಡಾಪುರಕ್ಕ ಹೋಗಿ ಬರೂಣು’ ಅಂದರು.

ಗುಡ್ಡಾಪುರ ಈಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲೂಕಿನ ಊರು. ಅಲ್ಲಿ ದಾನಮ್ಮ ದೇವಿ ಇದ್ದಾಳೆ. ಕಾರ್ತಿಕ ಮಾಸ ಮುಗಿಯುವ ಅಮಾವಾಸ್ಯೆಗೆ ನಮ್ಮ ಕಡೆ ಛಟ್ಟಿ ಅಮಾವಾಸ್ಯೆ ಎನ್ನುತ್ತಾರೆ. ಅಂದು ಆಕೆಯ ಕಾರ್ತಿಕೋತ್ಸವ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಜನ ಹಗಲಿರುಳೆನ್ನದೆ ನಡೆದು ಹೋಗುತ್ತಾರೆ. ಹಾದಿಗುಂಟ ಊರವರು ಪೆಂಡಾಲು ಹಾಕಿ ಹುಗ್ಗಿ, ಅನ್ನ, ಸಾರು, ಚಹಾ ಕೊಡುತ್ತಾರೆ. ಕಾಲಿಗೆ ಬಿಸಿನೀರು ಕಾಸಿಡುತ್ತಾರೆ. ದಾನಮ್ಮನ ಹಾದಿಯಲ್ಲಿ ಉಣ್ಣುವುದಕ್ಕಿಂತ ಉಣಿಸುವುದು ದೊಡ್ಡದು. ಆಕೆಯ ಹೆಸರು ಬಂದದ್ದೇ ಹಾಗೆ. 12ನೆಯ ಶತಮಾನದಲ್ಲಿ ಅದೇ ಜತ್ತ ಸೀಮೆಯ ಉಮರಾಣಿಯಲ್ಲಿ ಹುಟ್ಟಿದ ಈ ಹೆಣ್ಣುಮಗಳಿಗೆ ತಂದೆತಾಯಿ ಇಟ್ಟ ಹೆಸರು ಲಿಂಗಮ್ಮ. ಕಲ್ಯಾಣಕ್ಕೆ ಹೋದಾಗ ಆಕೆಯ ಕೊಡುವ ಗುಣ ಕಂಡು ಬಸವಣ್ಣನವರೇ ದಾನಮ್ಮ ಎಂದು ಕರೆದರು ಎಂಬುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ಮಾತು. ಆಕೆ ಐಕ್ಯಳಾದದ್ದು ಗುಡ್ಡಾಪುರದಲ್ಲಿ.

ಎಲ್ಲರೂ ಗುಡ್ಡಾಪುರಕ್ಕೆ ಹೋಗಿ ಅದೇ ದಾರಿಯಲ್ಲಿ ತಿರುಗಿ ಬರುತ್ತಿದ್ದರು. ನಮ್ಮ ಅತ್ತಿ ಹಾಗಲ್ಲ. ದೇವಿಗೆ ಉಡಿ ತುಂಬಿ, ರಾತ್ರಿ ಅಲ್ಲಿಯೇ ಅಂಗಳದಲ್ಲಿ ಮಲಗಿ, ಬೆಳಗಾಗುವ ಮೊದಲೇ ಪಡುವಣಕ್ಕೆ ಮುಖ ಮಾಡುತ್ತಿದ್ದರು. ಅಲ್ಲಿಂದ ಮಡ್ಡಿ ಏರಿ ಇಳಿದು ಉಮರಾಣಿ. ಉಮರಾಣಿಯಿಂದ ಮೂಡಣಕ್ಕೆ ತಿರುಗಿ ಊರು. ಮೊದಲ ಸಲ ಕಾಲು ಬೊಬ್ಬೆ ಬಂದು ಅಳು ಬರುವಂತಾಗಿ, ಇಷ್ಟು ಸುತ್ತು ಯಾಕೆ ಅತ್ತೀ ಎಂದು ಕೇಳಿದ್ದೆ. ‘ದೇವ್ರಾದ್ರೂ ಹೆಣ್ಣಮಗಳ ಅಲ್ಲೇನವಾ? ಆಕಿ ತವರಮನಿಗೆ ಒಂದ ಮಾತ ಹೇಳದ ಹೆಂಗ ಬರೂದು?’ ಎಂದರು. ಆಗ ನನಗೂ ತವರು ಬಿಟ್ಟು ಆರು ತಿಂಗಳಾಗಿತ್ತು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ವಿಜಯಪುರ ಜಿಲ್ಲೆಯಲ್ಲಿ ಕಾಡು ಎನ್ನುವುದು ಶೇ. 1ರಷ್ಟೂ ಇಲ್ಲ. ವರ್ಷದ ಮಳೆ 600 ಮಿ.ಮೀ. ಮುಟ್ಟುವುದು ಕಷ್ಟ. ಆದರೂ ಈ ಸುತ್ತಿನಲ್ಲಿ ನಡೆದವರಿಗೆ ಗಿಡಗಂಟಿಯ ಸೀಮೆ ಎಂದರೇನು ಎಂದು ತಿಳಿಯುತ್ತದೆ. ಮಡ್ಡಿಯೆಂದರೆ ಕರಿಗಲ್ಲು ಮತ್ತು ಗರಸಿನ ಎತ್ತರದ ನೆಲ. ಅದರ ಮೇಲೆ ಜಾಲಿ, ಬೇವು, ಬನ್ನಿ, ಬಾರಿಗಿಡ, ಹಳದಿ ಹೂವಿನ ಆವರಿಕೆ. ಚಳಿಗಾಲದ ನಸುಕಿನಲ್ಲಿ ಹಾದಿಯ ಹುಲ್ಲಿನ ಮೇಲೆ ಇಬ್ಬನಿ ಕೂತು ಸೀರೆಯ ಅಂಚು ಮೊಣಕಾಲತನಕ ತೊಯ್ಯುತ್ತದೆ. ಕುರಿ ಹಟ್ಟಿಯ ಹೊಗೆ ತಗ್ಗಿನಲ್ಲಿ ನಿಂತಿರುತ್ತದೆ. ಗೌಜಲ ಹಕ್ಕಿ ಕಾಲಬುಡದಿಂದಲೇ ಭರ್ರೆಂದು ಹಾರಿ ಎದೆ ಝಲ್ಲೆನ್ನಿಸುತ್ತದೆ. ಕೆಳಗೆ ಎರಿ ಹೊಲದಲ್ಲಿ ಹಿಂಗಾರಿ ಜೋಳ ನಡುಮಟ್ಟ ನಿಂತಿರುತ್ತದೆ. ಜೋಳಕ್ಕೆ ಈಗ ಕೈಕೆಲಸವಿಲ್ಲ. ಕೊಯ್ಲು ಸಂಕ್ರಾಂತಿ ದಾಟಿದ ಮೇಲೆ. ರೈತರು ಈ ದಿನಗಳಲ್ಲಿ ನಡೆಯಲು ಹೊರಡುವುದು ಅದಕ್ಕೇ.

ಮಡ್ಡಿಯ ನೆತ್ತಿಯಲ್ಲಿ ಅತ್ತಿ ಪ್ರತಿವರ್ಷ ಒಂದೇ ಕಲ್ಲಿನ ಹತ್ತಿರ ಕೂಡುತ್ತಿದ್ದರು. ಅಲ್ಲಿ ಬಲಕ್ಕೆ ಬಿದ್ದ ನೀರು ಬೋರ ಹಳ್ಳ ಹಿಡಿದು ಭೀಮೆಗೆ ಹೋಗುತ್ತದೆ, ಎಡಕ್ಕೆ ಬಿದ್ದದ್ದು ಡೋಣಿಗೆ. ಡೋಣಿ ಹುಟ್ಟುವುದು ಈ ಜತ್ತ ಸೀಮೆಯಲ್ಲೇ. ನಮ್ಮ ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗಿ ಕೃಷ್ಣೆಗೆ ಸೇರುತ್ತದೆ. ಅದರ ನೀರು ಸವಳು, ಕುಡಿಯಲು ಬಾರದು. ಆದರೆ ಅದರ ದಂಡೆಯ ಕರಿಮಣ್ಣಿನ ಬಗ್ಗೆ ‘ಡೋಣಿ ಹರಿದರೆ ಓಣೆಲ್ಲಾ ಕಾಳು’ ಎಂಬ ಗಾದೆಯೇ ಇದೆ. ಅಕ್ಷರ ಬಾರದ ಅತ್ತಿ ಭೂಗೋಳವನ್ನು ಹೀಗೆ ಕೈತೋರಿಸಿ ಕಲಿಸಿದರು. ಮುಂದೆ ನಾನು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ನದಿ ಎಲ್ಲಿ ಬೇರೆಯಾಗುತ್ತದೆ ಎಂದು ಹೇಳಿಕೊಡುವಾಗಲೆಲ್ಲ ಆ ಕಲ್ಲೇ ಕಣ್ಣಮುಂದೆ ಬರುತ್ತಿತ್ತು.

ಅಲ್ಲಿಂದ ಇಳಿದರೆ ಉಮರಾಣಿಯ ಸೀಮೆ. ಈ ಊರಿನ ಹೆಸರು ಇತಿಹಾಸದ ಪುಸ್ತಕದಲ್ಲಿರುವುದು ದಾನಮ್ಮನಿಂದಲ್ಲ, ಒಂದು ಕಾಳಗದಿಂದ. 1673ರ ಏಪ್ರಿಲ್ ತಿಂಗಳು. ವಿಜಾಪುರದ ಆದಿಲಶಾಹಿಯ ಸರದಾರ ಬಹಲೋಲಖಾನ ದೊಡ್ಡ ದಂಡು ಕಟ್ಟಿಕೊಂಡು ಮರಾಠರ ಮೇಲೆ ಹೊರಟು ಇಲ್ಲಿ ಬೀಡುಬಿಟ್ಟಿದ್ದ. ಶಿವಾಜಿಯ ಸೇನಾಪತಿ ಪ್ರತಾಪರಾವ ಗುಜರ ಬಂದು ಮೊದಲು ಮಾಡಿದ್ದು ಕತ್ತಿ ಬೀಸುವುದಲ್ಲ; ದಂಡಿನ ನೀರು ಕಟ್ಟಿಹಾಕಿದ. ಏಪ್ರಿಲಿನ ಬಿಸಿಲಲ್ಲಿ ಈ ನೆಲದ ಮೇಲೆ ನಿಂತವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆನೆ, ಕುದುರೆ, ಮನುಷ್ಯರು ಬಾಯಾರಿ ಕಂಗೆಟ್ಟರು. ಖಾನ ಸೋತು ಮಾತಿಗೆ ಬಂದ. ಪ್ರತಾಪರಾವ ಅವನಿಗೆ ಹೋಗಲು ದಾರಿ ಬಿಟ್ಟ. ಕೈಗೆ ಸಿಕ್ಕ ವೈರಿಯನ್ನು ಬಿಟ್ಟದ್ದಕ್ಕೆ ಶಿವಾಜಿ ಸಿಟ್ಟಾದ. ಖಾನ ಮತ್ತೆ ದಂಡೆತ್ತಿ ಬಂದಾಗ, 1674ರ ಫೆಬ್ರವರಿಯಲ್ಲಿ, ಪ್ರತಾಪರಾವ ಆರೇ ಜನ ಸವಾರರೊಡನೆ ನೇಸರಿಯ ಹತ್ತಿರ ಅವನ ಸೈನ್ಯದೊಳಗೆ ನುಗ್ಗಿ ಸತ್ತ. ಮರಾಠಿಯಲ್ಲಿ ಆ ಸಾವಿನ ಮೇಲೆ ಹಾಡು, ನಾಟಕ, ಸಿನಿಮಾ ಎಲ್ಲ ಇವೆ.

ನಾನು ಈ ಕಥೆಯನ್ನು ಓದಿದ್ದು ಕೆಲಸಕ್ಕೆ ಸೇರಿದ ಮೇಲೆ. ಓದಿದ ದಿನದಿಂದ ಉಮರಾಣಿಯ ದಾರಿ ನನಗೆ ಬೇರೆಯಾಗಿ ಕಂಡಿತು. ನೀರು ಕಟ್ಟಿ ಗೆದ್ದ ಜಾಗವೂ ಇದೇ, ಬಂದವರಿಗೆ ನೀರು ಅನ್ನ ಕೊಟ್ಟೇ ಹೆಸರಾದವಳು ಹುಟ್ಟಿದ್ದೂ ಇದೇ ಮಣ್ಣಿನಲ್ಲಿ. ಎರಡರ ನಡುವೆ ಐನೂರು ವರ್ಷ. ಕಾಳಗ ನಡೆದ ನೆಲಕ್ಕೆ ಇಂದು ಯಾರೂ ನಡೆದು ಹೋಗುವುದಿಲ್ಲ. ದಾನಮ್ಮನಿಗೆ ಲಕ್ಷ ಜನ ನಡೆಯುತ್ತಾರೆ. ನಮ್ಮ ಜನ ಯಾವುದನ್ನು ನೆನಪಿಟ್ಟುಕೊಳ್ಳಬೇಕು ಎಂದು ತಾವೇ ತೀರ್ಮಾನ ಮಾಡಿದ್ದಾರೆ, ಸರಿಯಾದ ತೀರ್ಮಾನವನ್ನೇ ಮಾಡಿದ್ದಾರೆ.

ಈ ಸುತ್ತು ನಡೆಯುವಾಗ ಗಡಿಯನ್ನು ಎರಡು ಸಲ ದಾಟುತ್ತೇವೆ. ಮಾವ ಹೇಳುತ್ತಿದ್ದರು, ಅವರು ಹುಡುಗರಾಗಿದ್ದಾಗ ಘೋಣಸಗಿ ಇಂಗ್ಲಿಷರ ಮುಂಬೈ ಇಲಾಖೆಯಲ್ಲಿ, ಗುಡ್ಡಾಪುರ ಮತ್ತು ಉಮರಾಣಿ ಜತ್ತ ಸಂಸ್ಥಾನದಲ್ಲಿ, ಡಫಳೆ ಮನೆತನದ ಆಳಿಕೆಯಲ್ಲಿ ಇದ್ದವು ಎಂದು. 1948ರ ಮಾರ್ಚಿನಲ್ಲಿ ಸಂಸ್ಥಾನ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಆಗ ಎಂಟು ವರ್ಷ ಮಾತ್ರ ಈ ಮೂರೂ ಊರು ಒಂದೇ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಅವರು ಅಲ್ಲಿಯೇ ಉಳಿದರು. 1967ರಲ್ಲಿ ಮಹಾಜನ ಆಯೋಗ ಜತ್ತ ತಾಲೂಕಿನ ಕನ್ನಡ ಹಳ್ಳಿಗಳನ್ನೂ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರವನ್ನೂ ನಮ್ಮ ರಾಜ್ಯಕ್ಕೆ ಕೊಡಬೇಕೆಂದು ಬರೆಯಿತು, ವರದಿ ಜಾರಿಯಾಗಲಿಲ್ಲ. 2022ರಲ್ಲಿ ಆ ಹಳ್ಳಿಗಳ ಜನ ನೀರಿಗಾಗಿ ಮತ್ತೆ ಕರ್ನಾಟಕದ ಹೆಸರು ಹೇಳಿದರು. ಅಲ್ಲಿಯೂ ನೀರಿನದೇ ಮಾತು.

ನಡೆಯುವವರಿಗೆ ಗಡಿಯ ಗುರುತು ಸಿಗುವುದು ಅಂಗಡಿಯ ಬೋರ್ಡಿನ ಮೇಲೆ ಮಾತ್ರ. ಒಮ್ಮೆ ಉಮರಾಣಿ ದಾಟಿದ ಮೇಲೆ ಜಾಲಿ ಮುಳ್ಳು ನನ್ನ ಚಪ್ಪಲಿ ತೂರಿಕೊಂಡು ಹಿಮ್ಮಡಿಯೊಳಗೆ ಮುರಿಯಿತು. ಹಾದಿಬದಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಒಬ್ಬ ಮುದುಕಿ ಬಂದು ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಕುಡುಗೋಲಿನ ತುದಿಯಿಂದ ಮೇಲಿನ ತೊಗಲು ಬಿಡಿಸಿ, ಎಕ್ಕಿಯ ಎಲೆ ಮುರಿದು ನಾಲ್ಕು ಹನಿ ಹಾಲು ಬಿಟ್ಟಳು. ‘ಸ್ವಲ್ಪ ತಡಿ, ತಾನs ಮ್ಯಾಲ ಬರ್ತದ’ ಎಂದು ಕೂತಳು. ಅತ್ತಿ ಬುತ್ತಿ ಬಿಚ್ಚಿ ಆಕೆಗೊಂದು ರೊಟ್ಟಿ ಕೊಟ್ಟರು. ಮೂವರೂ ಬದುವಿನ ಮೇಲೆ ಕೂತು ಉಂಡೆವು. ಹೊತ್ತು ಮಾರುದ್ದ ಸರಿದಿರಬೇಕು, ಮುಳ್ಳಿನ ಕರಿ ತುದಿ ಮೇಲೆ ಬಂತು. ಮುದುಕಿ ಎರಡು ಉಗುರಿನಲ್ಲಿ ಚಿವುಟಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. ಆಕೆ ಯಾವ ರಾಜ್ಯದವಳು ಎಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಅತ್ತಿ ಹೋಗಿ ಹದಿನೆಂಟು ವರ್ಷವಾಯಿತು. ದಾರಿ ಬಹಳ ಬದಲಾಗಿದೆ. ತಿಕೋಟಾ ಈಗ ತಾಲೂಕು. ಸೀಮೆಯೆಲ್ಲ ದ್ರಾಕ್ಷಿಯ ಚಪ್ಪರ. ನಸುಕಿನಲ್ಲಿ ಔಷಧ ಹೊಡೆಯುವ ಟ್ರ್ಯಾಕ್ಟರಿನ ಸಪ್ಪಳ ಗೌಜಲದ ಕೂಗಿಗಿಂತ ಮೊದಲು ಕೇಳುತ್ತದೆ. ಕೃಷ್ಣೆಯ ನೀರು ಏತದಿಂದ ಮೇಲೆ ಬಂದು ಕೆರೆ ತುಂಬಿದ್ದನ್ನು ಕಣ್ಣಾರೆ ಕಂಡೆ. ಬರಗಾಲದಲ್ಲಿ ಕೊಡ ಹೊತ್ತವಳಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ, ಅದರ ಮೇಲೆ ನನಗೆ ತಕರಾರಿಲ್ಲ. ತಕರಾರು ಇರುವುದು ಬಂಡಿದಾರಿಯ ವಿಷಯಕ್ಕೆ. ಡಾಂಬರು ರಸ್ತೆಯಾದ ಮೇಲೆ ಮಡ್ಡಿಯ ಹಾದಿ ಯಾರಿಗೂ ಬೇಡವಾಯಿತು. ನೀರು ಬಂದ ಮೇಲೆ ಆ ಹಾದಿಯ ನೆಲಕ್ಕೂ ಬೆಲೆ ಬಂತು. ಎರಡೂ ಕಡೆಯಿಂದ ನೇಗಿಲು ಒಳಗೆ ಬಂದವು. ಮೂರು ವರ್ಷದ ಹಿಂದೆ ಒಂದು ಕಡೆ ತಂತಿಬೇಲಿ ಎದುರಾಗಿ ನಾವು ಐದು ಜನ ಹೆಂಗಸರು ಸುತ್ತು ಹಾಕಿ, ಕತ್ತಲಾದ ಮೇಲೆ ಮನೆ ಮುಟ್ಟಿದೆವು. ಅತ್ತಿ ಕೂಡುತ್ತಿದ್ದ ಕಲ್ಲಿನ ಆಚೆಗಿನ ಗರಸನ್ನು ರಸ್ತೆಗೆಂದು ಅಗೆದು ಒಯ್ದಿದ್ದಾರೆ. ಕಲ್ಲು ಇನ್ನೂ ಇದೆ.

ಈಗ ನಮ್ಮ ಓಣಿಯಿಂದ ಈ ಸುತ್ತು ನಡೆಯುವವರು ನಾಲ್ಕೈದು ಜನ ಉಳಿದಿದ್ದೇವೆ, ಎಲ್ಲರೂ ಐವತ್ತು ದಾಟಿದವರು. ಆದ್ದರಿಂದ ಈ ದಾರಿಗುಂಟ ಹೊಲ ಇರುವ ಅಣ್ಣತಮ್ಮಂದಿರಲ್ಲಿ ಕೇಳಿಕೊಳ್ಳುತ್ತೇನೆ: ಎರಡು ಎತ್ತು ಜೊತೆಯಾಗಿ ಹೋಗುವಷ್ಟು ಜಾಗ ಬಿಟ್ಟು ಬೇಲಿ ಹಾಕಿರಿ. ಗುಡ್ಡಾಪುರಕ್ಕೆ ನಡೆದು ಹೋಗಿ ಜೀಪಿನಲ್ಲಿ ತಿರುಗಿ ಬರುವ ಹುಡುಗ ಹುಡುಗಿಯರೇ, ಒಂದು ವರ್ಷವಾದರೂ ಉಮರಾಣಿಯ ಮೇಲೆ ಹಾಯ್ದು ಬರ್ರಿ. ಛಟ್ಟಿ ಅಮಾವಾಸ್ಯೆಯ ಮರುದಿನ ನಸುಕಿನಲ್ಲಿ ನಾವು ಗುಡಿಯ ಪಡುವಣ ದಿಕ್ಕಿಗೆ, ಬೇವಿನ ಗಿಡದ ಕೆಳಗೆ ಕೂತಿರುತ್ತೇವೆ. ಬುತ್ತಿ ನಮ್ಮಲ್ಲಿ ಇರುತ್ತದೆ.