ಪದವಿಯಿಲ್ಲದ ಎಂಜಿನಿಯರ್: ಶಿವನಸಮುದ್ರದ ರಾಮಸ್ವಾಮಿ ಮೊದಲಿಯಾರ್

ಗುಂಡ್ಲುಪೇಟೆಯಿಂದ ಚಾಮರಾಜನಗರ, ಯಳಂದೂರು, ಕೊಳ್ಳೇಗಾಲಗಳನ್ನು ಹಾದು ಬರುವ ರಸ್ತೆ ಸತ್ತೇಗಾಲದ ಬಳಿ ಕಾವೇರಿಯನ್ನು ಮುಟ್ಟುತ್ತದೆ. ಭರಚುಕ್ಕಿ ಜಲಪಾತ ನೋಡುವ ಆತುರದಲ್ಲಿ ನೀವು ಈ ದಾರಿಯಲ್ಲಿ ಹೋಗಿದ್ದರೆ, ಸಾಲುಸಾಲು ಕಲ್ಲುಕಂಬಗಳ ಮೇಲೆ ನಿಂತ ಹಳೆಯ ಸೇತುವೆಯೊಂದನ್ನು ಕಂಡಿರಬಹುದು. ಸುತ್ತಲಿನ ಜನ ಅದನ್ನು ‘ವೆಸ್ಲಿ ಸೇತುವೆ’ ಎನ್ನುತ್ತಾರೆ. ಅದರ ಸರಿಯಾದ ಹೆಸರು ವೆಲ್ಲೆಸ್ಲಿ ಸೇತುವೆ. ಗವರ್ನರ್ ಜನರಲ್ ಒಬ್ಬರ ಹೆಸರು ಹೀಗೆ ಅಪಭ್ರಂಶವಾಗಿಯಾದರೂ ಉಳಿಯಿತು. ಕಟ್ಟಿಸಿದವರ ಹೆಸರು ಮಾತ್ರ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಅವರು ರಾಮಸ್ವಾಮಿ ಮೊದಲಿಯಾರ್.

ಮೊದಲಿಯಾರರನ್ನು ಸಿವಿಲ್ ಎಂಜಿನಿಯರ್ ಎಂದು ಕರೆಯಬಹುದೇ? ಅವರ ಬಳಿ ಪದವಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಸಿವಿಲ್ ಎಂಜಿನಿಯರುಗಳ ಸಂಸ್ಥೆ ಲಂಡನ್ನಿನಲ್ಲಿ ಸ್ಥಾಪನೆಯಾದುದೇ 1818ರಲ್ಲಿ. ನಮ್ಮ ದೇಶದಲ್ಲಿ ರೂರ್ಕಿಯ ಕಾಲೇಜು ಆರಂಭವಾದುದು 1847ರಲ್ಲಿ. ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬರಲು 1917ರವರೆಗೆ ಕಾಯಬೇಕಾಯಿತು. ಮೊದಲಿಯಾರರ ಕೆಲಸ ನಡೆದುದು ಹತ್ತೊಂಬತ್ತನೆಯ ಶತಮಾನದ ಮೊದಲ ಕೆಲವು ದಶಕಗಳಲ್ಲಿ. ಅವರ ಉದ್ಯೋಗವೂ ಬೇರೆಯೇ ಆಗಿತ್ತು. ಮೈಸೂರು ಆಸ್ಥಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾಗಿ ಇರುತ್ತಿದ್ದ ರೆಸಿಡೆಂಟರ ಬಳಿ ಅವರು ವಿಶ್ವಾಸದ ನೌಕರರಾಗಿದ್ದರು.

ಶಿವನಸಮುದ್ರವು ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿ ಗಂಗರಾಜನೆಂಬ ಪಾಳೆಯಗಾರನ ಪಟ್ಟಣವಿತ್ತು. ಆ ವಂಶ ಅಳಿದ ಮೇಲೆ ಊರು ಹಾಳುಬಿತ್ತು, ಸೇತುವೆಗಳು ಕುಸಿದವು, ಕಾಡು ಬೆಳೆಯಿತು. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದತ್ತ ನಡೆದಾಗ, ಅವನ ಸೈನ್ಯಕ್ಕೆ ಮೇವು ಆಹಾರ ಸಿಗಬಾರದೆಂದು ಟಿಪ್ಪು ಸುತ್ತಲಿನ ಜನರನ್ನೂ ದನಕರುಗಳನ್ನೂ ಈ ದ್ವೀಪಕ್ಕೆ ಸಾಗಿಸಿದ್ದನು. ಅದು ಎಷ್ಟು ದುರ್ಗಮವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಅಂಥ ಕಡೆ ಎರಡೂ ಕವಲುಗಳಿಗೆ ಸೇತುವೆ ಕಟ್ಟಿಸುವ, ಪಾಳುಬಿದ್ದ ದೇವಾಲಯಗಳನ್ನು ಸರಿಪಡಿಸುವ ಕೆಲಸವನ್ನು ಮೊದಲಿಯಾರರು ವಹಿಸಿಕೊಂಡರು. ಎರಡನೆಯ ಸೇತುವೆಗೆ 1827ರಿಂದ 1832ರವರೆಗೆ ಮದರಾಸಿನ ಗವರ್ನರನಾಗಿದ್ದ ಲಷಿಂಗ್ಟನ್‌ನ ಹೆಸರಿಟ್ಟರು. ಜಲಪಾತ ನೋಡಲು ಬರುವವರಿಗಾಗಿ ಒಂದು ಬಂಗಲೆಯನ್ನೂ ಅವರು ಕಟ್ಟಿಸಿದರು.

ಈಗ ಸೇತುವೆಯ ರಚನೆಯನ್ನು ಗಮನಿಸಿ. ನದಿಯ ತಳದ ಬಂಡೆಯ ಮೇಲೆ ಕಡಿದ ಕಲ್ಲಿನ ಕಂಬಗಳು, ಅವನ್ನು ಜೋಡಿಸುವ ಕಲ್ಲಿನ ತೊಲೆಗಳು. ಇಲ್ಲಿ ಕಮಾನು ಇಲ್ಲ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಗ್ರಾನೈಟಿನ ಎಳೆತದ ಬಲ ಅದರ ಒತ್ತಡ ತಾಳುವ ಬಲದ ಹತ್ತನೆಯ ಒಂದು ಭಾಗ, ಅಥವಾ ಅದಕ್ಕಿಂತಲೂ ಕಡಿಮೆ. ಎರಡು ಕಂಬಗಳ ಮೇಲೆ ಮಲಗಿಸಿದ ತೊಲೆ ಭಾರಕ್ಕೆ ಬಾಗುವಾಗ ಅದರ ಮೇಲ್ಮೈ ಒತ್ತಲ್ಪಡುತ್ತದೆ, ಕೆಳಮೈ ಎಳೆಯಲ್ಪಡುತ್ತದೆ. ತೊಲೆ ಬಿರಿಯುವುದು ಕೆಳಗಿನಿಂದ.

ಒಂದು ಲೆಕ್ಕ ಮಾಡೋಣ. ಇದು ಉದಾಹರಣೆ, ಈ ಸೇತುವೆಯ ಅಳತೆಯಲ್ಲ. 3 ಮೀಟರ್ ಉದ್ದ, 30 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಚಪ್ಪಡಿಯಲ್ಲಿ ಅದರ ಸ್ವಂತ ತೂಕದಿಂದಲೇ ಕೆಳಮೈಯಲ್ಲಿ ಉಂಟಾಗುವ ಎಳೆತ ಚದರ ಸೆಂಟಿಮೀಟರಿಗೆ ಸುಮಾರು 6 ಕಿಲೋಗ್ರಾಂ. ಉದ್ದವನ್ನು 6 ಮೀಟರಿಗೆ ಏರಿಸಿದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಸುಮಾರು 24 ಕಿಲೋಗ್ರಾಂ. ಇದರ ಮೇಲೆ ತುಂಬಿದ ಗಾಡಿಗಳ ಭಾರ ಬೇರೆ; ಕಲ್ಲಿನೊಳಗೆ ಕಣ್ಣಿಗೆ ಕಾಣದ ಸೀಳೂ ಇರಬಹುದು. ಆದ್ದರಿಂದ ಅಂಕಣಗಳು ಚಿಕ್ಕದಾಗಿಯೇ ಇರಬೇಕು, ಕಂಬಗಳು ಹೆಚ್ಚಬೇಕು. ಕಲ್ಲುಕುಟಿಗರಿಗೆ ಈ ಸಮೀಕರಣ ಗೊತ್ತಿರಬೇಕಾಗಿರಲಿಲ್ಲ. ದೇವಸ್ಥಾನದ ಮಂಟಪಗಳನ್ನು ಕಟ್ಟಿದ ಕೈಗಳಿಗೆ ಅದರ ಉತ್ತರ ಗೊತ್ತಿತ್ತು. ನಿಜ ಹೇಳಬೇಕೆಂದರೆ ಇದು ಮಂಟಪವನ್ನೇ ಉದ್ದಕ್ಕೆ ಎಳೆದು ನದಿಯಲ್ಲಿ ನಿಲ್ಲಿಸಿದಂತಿದೆ!

ಇದೇ ಮಾದರಿಗೆ ಹತ್ತಿರದಲ್ಲೇ ಹಿಂದಿನ ನಿದರ್ಶನವಿತ್ತು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿದ, ಅದೂ ವೆಲ್ಲೆಸ್ಲಿಯ ಹೆಸರಿನದೇ ಆದ, ಕಲ್ಲುಕಂಬದ ಸೇತುವೆ. ಪೂರ್ಣಯ್ಯನವರಿಗೆ 1807ರಲ್ಲಿ ದೊರೆತ ಜಹಗೀರು ನೀವು ಈಗ ದಾಟಿ ಬಂದ ಯಳಂದೂರು.

ಕಂಬಗಳು ಹೆಚ್ಚಿದರೆ ತೊಂದರೆಯೂ ಇದೆ. ನೀರಿಗೆ ದಾರಿ ಕಿರಿದಾಗುತ್ತದೆ. ತೇಲಿಬಂದ ಮರಗಳು ಕಂಬಗಳಿಗೆ ಸಿಕ್ಕಿಕೊಂಡರೆ ಪ್ರವಾಹದ ತಳ್ಳುವಿಕೆ ಬಹಳ ಹೆಚ್ಚುತ್ತದೆ. ಆದರೆ ಬಂಡೆಯ ತಳದಿಂದಾಗಿ ಇಲ್ಲಿ ಒಂದು ದೊಡ್ಡ ಅನುಕೂಲ ಒದಗಿತು. ಮರಳಿನ ನದಿಗಳಲ್ಲಿ ಪ್ರವಾಹವು ಕಂಬದ ಬುಡದ ಮರಳನ್ನು ಕೊರೆದು ಸೇತುವೆಯನ್ನು ಉರುಳಿಸುತ್ತದೆ. ಇಲ್ಲಿ ಕೊರೆಯಲು ಮರಳಿಲ್ಲ. ಇನ್ನೊಂದು ಅನುಕೂಲ, ಪ್ರತಿ ಅಂಕಣವೂ ಸ್ವತಂತ್ರ. ಕಮಾನಿನ ಸೇತುವೆಯಲ್ಲಿ ಒಂದು ಕಂಬ ಹೋದರೆ ಪಕ್ಕದ ಕಮಾನಿನ ಆಸರೆಯೂ ತಪ್ಪುತ್ತದೆ. ಇಲ್ಲಿ ಮುರಿದ ತೊಲೆಯ ಜಾಗಕ್ಕೆ ಬೇರೊಂದು ತೊಲೆ ತಂದು ಕೂಡಿಸಿದರಾಯಿತು. ಆಗ ಮೇಲ್ಭಾಗದಲ್ಲಿ ಕನ್ನಂಬಾಡಿಯೂ ಇರಲಿಲ್ಲ, ಕಬಿನಿ ಜಲಾಶಯವೂ ಇರಲಿಲ್ಲ ಎಂಬುದನ್ನು ನೆನಪಿಡಿ. ಮುಂಗಾರಿನ ನೀರೆಲ್ಲ ತಡೆಯಿಲ್ಲದೆ ಬರುತ್ತಿತ್ತು.

ಮೊದಲಿಯಾರರಿಗೆ ಸಿಕ್ಕ ಪ್ರತಿಫಲದಲ್ಲೂ ಒಂದು ವಿಶೇಷವಿದೆ. ಬ್ರಿಟಿಷ್ ಸರಕಾರ ಅವರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಹಳ್ಳಿಗಳನ್ನೂ ಕೊಟ್ಟಿತು. ಮೈಸೂರಿನ ಮಹಾರಾಜರೂ ಹಳ್ಳಿಗಳನ್ನು ಕೊಟ್ಟರು. ಇಬ್ಬರೂ ಏಕೆ? 1799ರ ನಂತರ ಕೊಳ್ಳೇಗಾಲ ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮಳವಳ್ಳಿಯ ಕಡೆ ಮೈಸೂರು. ಮೊದಲಿಯಾರರ ಎರಡು ಸೇತುವೆಗಳು ದ್ವೀಪದ ಮೂಲಕ ಜೋಡಿಸಿದ್ದು ಎರಡು ಆಡಳಿತಗಳನ್ನು. ಕೊಳ್ಳೇಗಾಲ ನಮ್ಮ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅದಕ್ಕಿಂತ ನೂರಿಪ್ಪತ್ತು ವರ್ಷಕ್ಕೂ ಹಿಂದೆಯೇ ಆಚೆಯ ಕನ್ನಡಿಗರು ಕಾಲು ನೆನೆಯದೆ ಈಚೆಗೆ ಬರುವಂತಾಗಿತ್ತು.

ಹೆದ್ದಾರಿಯ ವಾಹನಗಳು ಹೊಸ ಸೇತುವೆಗೆ ಹೋಗಿ ಬಹಳ ಕಾಲವಾಗಿದೆ. 2018ರ ಆಗಸ್ಟ್‌ನಲ್ಲಿ ಕನ್ನಂಬಾಡಿ, ಕಬಿನಿಗಳು ತುಂಬಿ ಹರಿದಾಗ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಪಕ್ಕದ ಅಂಕಣಗಳು ಅದರ ಜೊತೆ ಬೀಳಲಿಲ್ಲ. ತಮ್ಮತಮ್ಮ ಕಂಬಗಳ ಮೇಲೆ ನಿಂತೇ ಇದ್ದವು.