ಮೃಗವನ: ಆಮಿಷ ಮತ್ತು ಆತಿಥ್ಯ

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ತಾಳೆಯೋಲೆಯ ಪ್ರತಿಯೊಂದು ಬಂದು ಸೇರಿತು. 1909ರಲ್ಲಿ ಮೈಸೂರಿನಿಂದಲೇ ಅಚ್ಚಾಗಿ ಹೊರಬಂದ ಆ ಗ್ರಂಥವೇ ಕೌಟಿಲ್ಯನ ‘ಅರ್ಥಶಾಸ್ತ್ರ’. ತೆರಿಗೆ, ಗೂಢಚರ್ಯೆ, ದಂಡನೀತಿಗಳಿಗಾಗಿ ಅದನ್ನು ಓದುವವರು ಎರಡನೆಯ ಅಧಿಕರಣದಲ್ಲಿ ಬರುವ ಮೃಗವನದ ವಿಧಿಯನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ.

ಉಳುಮೆಗೆ ಒದಗದ ನೆಲದ ಬಳಕೆಯನ್ನು ಹೇಳುವ ಅಧ್ಯಾಯವದು. ಅರಸನ ವಿಹಾರಕ್ಕೆಂದು ನಿರ್ಮಿಸುವ ವನಕ್ಕೆ ಒಂದೇ ಬಾಗಿಲು, ಕಾವಲಿಗೆ ಕಂದಕ. ಒಳಗೆ ಸಿಹಿಹಣ್ಣಿನ ಗಿಡಗಳು, ಪೊದೆಗಳು, ಮುಳ್ಳಿಲ್ಲದ ಮರಗಳು, ಆಳವಿಲ್ಲದ ಕೊಳ, ಪಳಗಿದ ಜಿಂಕೆಗಳು, ಉಗುರು ಕೋರೆಗಳನ್ನು ಮುರಿದ ಕ್ರೂರಮೃಗಗಳು. ಹಣ್ಣು ಮತ್ತು ನೀರು ಮೃಗವನ್ನು ಅಲ್ಲಿಯೇ ನಿಲ್ಲಿಸುತ್ತವೆ. ಪೊದೆಯ ನೆರಳು ಅದಕ್ಕೆ ನಂಬಿಕೆ ಹುಟ್ಟಿಸುತ್ತದೆ. ಕಂದಕ ಓಡುವ ದಾರಿಯನ್ನು ಮುಚ್ಚುತ್ತದೆ. ಆಶ್ರಯವನ್ನೇ ಬಲೆಯಾಗಿಸಿದ ಯೋಜನೆಯಿದು.

ಈ ಜಾಣ್ಮೆ ಕನ್ನಡನಾಡಿಗೂ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಗೆಂದೇ ಒಂದು ಭಾಗವಿದ್ದು, ಪಳಗಿದ ಜಿಂಕೆಯಿಂದ ಕಾಡಿನ ಜಿಂಕೆಯನ್ನು ಸೆಳೆಯುವ ಕ್ರಮವೂ ಅಲ್ಲಿದೆ. ಹೀಗೆ ತನ್ನ ಕುಲವನ್ನೇ ಸಾವಿಗೆ ಕರೆತರುವ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ ಎಂಬ ಹೆಸರೇ ಉಂಟು.

ಆದರೆ ಕೌಟಿಲ್ಯನ ಮಾತು ಇಲ್ಲಿಗೇ ನಿಲ್ಲುವುದಿಲ್ಲ. ರಾಜವಿಹಾರದ ವನವನ್ನು ಹೇಳಿದ ಮರುವಾಕ್ಯದಲ್ಲಿಯೇ, ಸಕಲ ಮೃಗಗಳನ್ನೂ ಅತಿಥಿಗಳೆಂದು ಕಾಣುವ ಇನ್ನೊಂದು ಮೃಗವನವನ್ನು ನಾಡಿನ ಅಂಚಿನಲ್ಲಿ ಮಾಡಬೇಕೆನ್ನುತ್ತಾನೆ. ಅಭಯವನದ ಮೃಗಪಕ್ಷಿಗಳನ್ನು ಕೊಂದವನಿಗೆ ಉತ್ತಮದಂಡ, ಎಂದರೆ ದಂಡಗಳಲ್ಲೆಲ್ಲ ಹೆಚ್ಚಿನದನ್ನು ವಿಧಿಸುತ್ತಾನೆ. ಬೇಟೆಯನ್ನು ವ್ಯಸನಗಳ ಸಾಲಿಗೆ ಸೇರಿಸಿದವನೂ ಅವನೇ. ಅದರಿಂದ ದೇಹಕ್ಕೆ ವ್ಯಾಯಾಮ, ಗುರಿಯ ಅಭ್ಯಾಸ, ಮೃಗಗಳ ಮನಸ್ಸಿನ ಅರಿವು ದೊರೆಯುತ್ತವೆಂದು ಸಮರ್ಥಿಸಿದವನೂ ಅವನೇ.

ಮೃಗಕ್ಕೂ ಮನಸ್ಸುಂಟು, ಅದಕ್ಕೂ ಭಯವುಂಟು ಎಂಬುದನ್ನು ಅರ್ಥಶಾಸ್ತ್ರ ಬಲ್ಲದು. ಆ ಅರಿವನ್ನು ಬಾಣಕ್ಕೆ ಒದಗಿಸಬೇಕೇ, ಅಭಯಕ್ಕೆ ಒದಗಿಸಬೇಕೇ ಎಂಬುದೇ ಪ್ರಶ್ನೆ. ಅಶೋಕನು ತನ್ನ ಎಂಟನೆಯ ಶಿಲಾಶಾಸನದಲ್ಲಿ, ಹಿಂದಿನ ಅರಸರ ಬೇಟೆಯ ವಿಹಾರಯಾತ್ರೆಗಳನ್ನು ಬಿಟ್ಟು ಧರ್ಮಯಾತ್ರೆಗೆ ಹೊರಟುದನ್ನು ಹೇಳಿದ್ದಾನೆ. ಜೈನ ಶ್ರಾವಕಾಚಾರವು ಬೇಟೆಯನ್ನು ಸಪ್ತವ್ಯಸನಗಳಲ್ಲೊಂದೆಂದು ತ್ಯಜಿಸಹೇಳಿತು. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಅರಸನಿಗೂ ಭವಭವಗಳ ದುಃಖ ತಪ್ಪಲಿಲ್ಲ, ಅಲ್ಲಿ ತೂಗಿದ್ದು ಸಂಕಲ್ಪ.

ಆ ತಕ್ಕಡಿಯಲ್ಲಿಟ್ಟರೆ, ಎರಡು ವನಗಳಲ್ಲಿಯೂ ಒಂದೇ ಬಗೆಯ ಹಣ್ಣಿನ ಗಿಡ ಬೆಳೆದರೂ ಅವು ಒಂದೇ ಆಗಲಾರವು. ಬೇಟೆಗೆಂದು ನೆಟ್ಟ ಗಿಡದಲ್ಲಿ, ಹಣ್ಣು ಬಿಡುವ ಮೊದಲೇ ಹಿಂಸೆ ಬೇರೂರಿರುತ್ತದೆ.